ಎರಡು ತಾಸಿಗೆ ಸಿಟ್ಟು ಬಂದರೆ ತಪ್ಪೇನು?

ಸಿಂಧನೂರಿನಿಂದ ಕಾಕಾ ಫೋನ್ ಮಾಡಿದಾಗ ನಾನು ಬದಲಿ ಬಸ್ಸಿನ ಸಾಲಿನಲ್ಲಿ ನಿಂತಿದ್ದೆ. ಆಫೀಸು ಬಿಡುವ ಹೊತ್ತು, ಮೆಟ್ರೋ ಕೆಟ್ಟು ಎರಡು ತಾಸಾಯಿತು, ಇಲ್ಲಿ ಸಿಂಗಾಪುರದ ಮಂದಿ ಸಿಕ್ಕಾಪಟ್ಟೆ ಬೈತಿದ್ದಾರೆ ಅಂದೆ. ಕಾಕಾ ನಕ್ಕುಬಿಟ್ಟರು. "ಏ ತಮ್ಮಾ, ನಮ್ಮೂರಿಗೆ ರೈಲು ಬರಾಕ ಇಪ್ಪತ್ತೈದು ವರ್ಷ ಕಾದೀವಿ. ನಿಮ್ಮ ಮಂದಿ ಎರಡು ತಾಸಿಗೇ ಹಿಂಗ ಒದರತಾರಂದ್ರ, ಹೊಟ್ಟಿ ತುಂಬಿದ ಮಂದಿ ಬಿಡು" ಅಂದರು.

ಆ ಮಾತು ನನಗೆ ನಾಟಿತು. ಅದರಲ್ಲಿ ಸುಳ್ಳಿಲ್ಲ, ಅದಕ್ಕೇ ಜಾಸ್ತಿ ನಾಟಿತು. ಮುನಿರಾಬಾದ್–ಮಹಬೂಬ್‌ನಗರ ಲೈನು ಮಂಜೂರಾಗಿದ್ದು 1997-98ರಲ್ಲಿ. ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿಗೆ ರೈಲು ಬಂದಿದ್ದು 2024ರಲ್ಲಿ. ಲೈನು ಮಂಜೂರಾದಾಗ ನಾನು ಶಾಲೆಗೆ ಹೋಗುತ್ತಿದ್ದೆ, ರೈಲು ಬಂದಾಗ ನನ್ನ ಮಗ ಶಾಲೆಗೆ ಹೋಗುತ್ತಿದ್ದ. ಅಷ್ಟು ಕಾದವರಿಗೆ ಎರಡು ತಾಸು ಲೆಕ್ಕಕ್ಕೇ ಬರಲ್ಲ. ಆದರೆ ಈ ಕಾಯುವುದನ್ನು ನಾವು ದೊಡ್ಡ ಗುಣ ಅಂದುಕೊಂಡಿದ್ದೇವಲ್ಲ, ಅದನ್ನು ಮಾತ್ರ ನನ್ನಿಂದ ಒಪ್ಪೋಕೆ ಆಗಲ್ಲ.

ಇಲ್ಲಿಯ ಜನ ಯಾಕೆ ಹೀಗೆ ಸಿಡಿಯುತ್ತಾರೆ ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಹಳೆಯ ಸಹೋದ್ಯೋಗಿಗಳು 2011ರ ಡಿಸೆಂಬರ್ ಕಥೆ ಹೇಳುತ್ತಾರೆ. 15ನೇ ತಾರೀಖಿನ ಸಂಜೆ ರೈಲುಗಳು ಸುರಂಗದಲ್ಲೇ ನಿಂತವು. ದೀಪ ಹೋಯಿತು, ಗಾಳಿ ಇಲ್ಲ, ಒಳಗೆ ಕಿಕ್ಕಿರಿದ ಜನ. ಯಾರೋ ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ತಗೊಂಡು ಗಾಜು ಒಡೆದರು. ಅದೇ ಹೊತ್ತಿಗೆ ರೈಲು ಕಂಪನಿಯ ಟ್ಯಾಕ್ಸಿ ಚಾಲಕರಿಗೆ ಒಂದು ಮೆಸೇಜ್ ಹೋಗಿತ್ತು: ರೈಲು ಕೆಟ್ಟಿದೆ, ದುಡಿಮೆಗೆ ಅವಕಾಶ ಅಂತ. ಜನ ರೈಲು ನಿಂತಿದ್ದಕ್ಕಿಂತ ಆ ಮೆಸೇಜಿಗೆ ಜಾಸ್ತಿ ಕೆರಳಿದರು. ಎರಡೇ ದಿನಕ್ಕೆ, 17ರಂದು, ಮತ್ತೆ ಕೆಟ್ಟಿತು. ವಿಚಾರಣಾ ಸಮಿತಿ ಕೂತಿತು, ಜನವರಿಯಲ್ಲಿ ಕಂಪನಿಯ ಮುಖ್ಯಸ್ಥೆ ರಾಜೀನಾಮೆ ಕೊಟ್ಟರು, ಆಮೇಲೆ 20 ಲಕ್ಷ ಸಿಂಗಾಪುರ ಡಾಲರ್ ದಂಡ ಬಿತ್ತು. 2015ರ ಜುಲೈ 7ರ ಸಂಜೆ ಎರಡು ದೊಡ್ಡ ಲೈನುಗಳು ಒಟ್ಟಿಗೇ ನಿಂತು ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಬೀದಿಗೆ ಬಿದ್ದಾಗ ದಂಡ 54 ಲಕ್ಷ ಡಾಲರ್.

2024ರ ಸೆಪ್ಟೆಂಬರ್ 25ರದ್ದು ಇನ್ನೂ ದೊಡ್ಡದು. ಬೆಳಿಗ್ಗೆ ಒಂದು ಹಳೆಯ ರೈಲಿನ ಚಕ್ರದ ಅಚ್ಚು ಹಿಡಿದಿಡುವ ಭಾಗ (ಆಕ್ಸಲ್ ಬಾಕ್ಸ್) ಕಳಚಿ ಬಿದ್ದು, ಹಳಿ ಉದ್ದಕ್ಕೂ ಹಾಳಾಯಿತು. ಲೈನು ಪೂರ್ತಿ ಶುರುವಾಗಿದ್ದು ಅಕ್ಟೋಬರ್ 1ಕ್ಕೆ. ರೈಲು ಕೆಟ್ಟ ಮರುದಿನದಿಂದಲೇ ಆರನೇ ತರಗತಿ ಮಕ್ಕಳ ದೊಡ್ಡ ಪರೀಕ್ಷೆ. ತಡವಾಗಿ ಬಂದ ಮಕ್ಕಳಿಗೂ ಪೂರ್ತಿ ಸಮಯ ಕೊಡುತ್ತೇವೆ ಅಂತ ಪರೀಕ್ಷಾ ಮಂಡಳಿ ಹೇಳಿತು. ಪುಕ್ಕಟೆ ಬಸ್ಸು ಬಿಟ್ಟರು. ಯಾವ ಭಾಗ ಬಿತ್ತು, ಹಳಿ ಎಷ್ಟು ಕಡೆ ಒಡೆದಿದೆ, ಕೆಲಸ ಎಲ್ಲಿಗೆ ಬಂತು ಅಂತ ದಿನಾ ಹೇಳುತ್ತಿದ್ದರು. ಆದರೂ ಜನ ಬೈದರು. ಬೈದಿದ್ದಕ್ಕೇ ಹೇಳಿದರು ಅಂತ ನನ್ನ ನಂಬಿಕೆ. ಮುಂದಿನ ವರ್ಷ ವರದಿ ಬಂತು, 24 ಲಕ್ಷ ಡಾಲರ್ ದಂಡವೂ ಬಿತ್ತು.

ಈಗ ನಮ್ಮ ಕಡೆ ನೋಡಿ. ಹಿಂದೊಮ್ಮೆ ರಜೆಗೆ ಬಂದಾಗ ಸಿಂಧನೂರಿನಿಂದ ರಾಯಚೂರಿಗೆ ಹೊರಟ ಬಸ್ಸು ಮಾನ್ವಿ ಹತ್ತಿರ ನಿಂತುಬಿಟ್ಟಿತು. ಕಂಡಕ್ಟರ್ ಕೆಳಗಿಳಿದು ಫೋನಿನಲ್ಲಿ ಮಾತಾಡುತ್ತಾ ದೂರ ಹೋದ. ಏನಾಯಿತು, ಬೇರೆ ಬಸ್ಸು ಬರುತ್ತಾ, ಟಿಕೆಟ್ ದುಡ್ಡು ವಾಪಸ್ ಸಿಗುತ್ತಾ, ಒಂದು ಮಾತೂ ಇಲ್ಲ. ಯಾರೂ ಕೇಳಲೂ ಇಲ್ಲ. ಗಂಡಸರು ಇಳಿದು ಜಾಲಿ ಗಿಡದ ನೆರಳು ಹುಡುಕಿದರು. "ಬರ್ತದ ಬಿಡ್ರಿ" ಅಂತ ಒಬ್ಬ ಹಿರಿಯರು ತಾವೇ ತೀರ್ಪು ಕೊಟ್ಟರು. ಒಬ್ಬ ತಾಯಿ ಮಾತ್ರ, ಮೈ ಸುಡುತ್ತಿದ್ದ ಕೂಸನ್ನು ರಾಯಚೂರಿನ ದವಾಖಾನೆಗೆ ಒಯ್ಯುತ್ತಿದ್ದವಳು, ಕಂಡಕ್ಟರ್ ಹತ್ತಿರ ಹೋಗಿ ಜೋರು ಮಾಡಿದಳು. ಅವಳನ್ನು ಸುಮ್ಮನಿರಿಸಿದ್ದು ಕಂಡಕ್ಟರ್ ಅಲ್ಲ. ನಾವೇ, ಬಸ್ಸಿನಲ್ಲಿದ್ದವರೇ. "ಯವ್ವಾ, ಅವನೇನು ಮಾಡ್ತಾನ, ಸುಮ್ನ ಕುಂದ್ರು."

ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ. ಬಸ್ಸು ಕೆಡುತ್ತೆ, ರೈಲು ಕೆಡುತ್ತೆ, ಸಿಂಗಾಪುರದಲ್ಲೂ ಕೆಡುತ್ತೆ. ಆದರೆ ಕೇಳುವವರ ಬಾಯಿ ಮುಚ್ಚಿಸುವ ಕೆಲಸವನ್ನು ನಮ್ಮಲ್ಲಿ ಪ್ರಯಾಣಿಕರೇ ಮಾಡುತ್ತಾರೆ. ಸಾಹೇಬರಿಗೆ ಇದಕ್ಕಿಂತ ಆರಾಮು ಏನಿದೆ? ಇಲ್ಲಿ ಸಾಲಿನಲ್ಲಿ ನಿಂತ ಅಜ್ಜಿ ಕೂಡ ಸ್ಟೇಷನ್ ಸಿಬ್ಬಂದಿಗೆ ಮುಂದಿನ ಬಸ್ಸು ಎಷ್ಟೊತ್ತಿಗೆ ಅಂತ ಕೇಳುತ್ತಾಳೆ, ಗೊತ್ತಿಲ್ಲ ಅಂದರೆ ಗೊತ್ತಿರುವವರನ್ನು ಕರಿ ಅನ್ನುತ್ತಾಳೆ. ಹಿಂದೆ ನಿಂತವರು ಅವಳಿಗೆ ಸುಮ್ನಿರು ಅನ್ನುವುದಿಲ್ಲ. ಅವರಿಗೂ ಉತ್ತರ ಬೇಕು.

ಇದನ್ನು ಬರೆಯುವಾಗ ಒಂದು ವಿಷಯ ಬಿಟ್ಟು ಹೋದರೆ ಸರಿಯಲ್ಲ. ಆ ತಾಯಿಯನ್ನು ಸುಮ್ಮನಿರಿಸಿದವರೇ ಆಮೇಲೆ ರಸ್ತೆಗೆ ಅಡ್ಡ ನಿಂತು, ರಾಯಚೂರಿನ ಕಡೆ ಹೊರಟಿದ್ದ ಒಂದು ಜೀಪು ನಿಲ್ಲಿಸಿ, ಕೂಸನ್ನೂ ಅವಳನ್ನೂ ಮುಂದಿನ ಸೀಟಿನಲ್ಲಿ ಕೂರಿಸಿ ಕಳಿಸಿದರು. ಒಬ್ಬರು ಅವಳ ಕೈಗೆ ದುಡ್ಡೂ ಇಟ್ಟರು. ಇಲ್ಲಿ ಹಾಗೆ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ. ಇಲ್ಲಿ ಎಲ್ಲರ ಸಿಟ್ಟೂ ಫೋನಿನೊಳಗೆ. ಪಕ್ಕದಲ್ಲಿ ನಿಂತವರ ಮುಖ ನೋಡುವುದಿಲ್ಲ, ಬೋರ್ಡ್ ಹಿಡಿದು ನಿಂತ ಹುಡುಗ ಎಲ್ಲರ ಬೈಗುಳ ತಿಂದು ನಿಂತಿರುತ್ತಾನೆ. ಇಷ್ಟು ದಂಡ, ಇಷ್ಟು ವಿಚಾರಣೆ ಆದ ಮೇಲೂ 2025ರಲ್ಲಿ ಮತ್ತೆ ಮತ್ತೆ ಕೆಟ್ಟು, ಅದಕ್ಕಂತಲೇ ಒಂದು ಕಾರ್ಯಪಡೆ ಮಾಡಬೇಕಾಯಿತು. ಊರಿನಷ್ಟೇ ಇರುವ ದೇಶ, ದುಡ್ಡಿಗೆ ಬರವಿಲ್ಲ, ಆದರೂ ಹೀಗೆ.

ನಮ್ಮವರಿಗೆ ಕೇಳಲು ಬರುವುದಿಲ್ಲ ಅಂತಲೂ ಅಲ್ಲ. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಲ್ಲಿ ಧರಣಿ ಕೂತವರು ಸಾವಿರ ದಿನ ದಾಟಿದರೂ ಏಳಲಿಲ್ಲ. ರಾಯಚೂರಿನ ಬಿಸಿಲಿನಲ್ಲಿ ಸಾವಿರ ದಿನ! ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ಕಲಂ ಕೂಡ ಸುಮ್ನೆ ಬಂದಿದ್ದಲ್ಲ, ನಮ್ಮ ಭಾಗದ ಮಂದಿ ವರ್ಷಗಟ್ಟಲೆ ಹೋರಾಡಿದ್ದಕ್ಕೆ ಬಂತು. ದೊಡ್ಡದನ್ನು ಕೇಳುವಾಗ ನಮ್ಮಷ್ಟು ಗಟ್ಟಿ ಜನ ಇಲ್ಲ. ದಿನಾ ಬೇಕಾಗುವ ಸಣ್ಣದನ್ನು ಕೇಳಲು ಮಾತ್ರ ಸಂಕೋಚ, ಅಲ್ವಾ?

ಸಿಂಧನೂರಿನಿಂದ ರಾಯಚೂರಿಗೆ ಹಳಿ ಇನ್ನೂ ಮುಟ್ಟಬೇಕು. ಮುಟ್ಟಿದ ಮೇಲೆ ದವಾಖಾನೆಗೆ, ಕಾಲೇಜಿಗೆ, ಕೋರ್ಟಿಗೆ ಹೋಗುವವರೆಲ್ಲ ಬೆಳಗಿನ ರೈಲನ್ನೇ ನಂಬುತ್ತಾರೆ. ಅದು ತಡವಾದ ಮೊದಲ ದಿನವೇ ಪ್ಲಾಟ್‌ಫಾರ್ಮಿನಲ್ಲಿ ನಿಂತವರು ಮೂರು ಮಾತು ಕೇಳಬೇಕು: ಯಾಕೆ ತಡ, ಎಷ್ಟು ತಡ, ಬದಲಿ ಬಸ್ಸು ಎಲ್ಲಿ. ಉತ್ತರವನ್ನು ಎಲ್ಲರಿಗೂ ಕೇಳುವ ಹಾಗೆ ಮೈಕಿನಲ್ಲಿ ಹೇಳಿಸಬೇಕು, ಹೇಳುವವರೆಗೂ ಅಲ್ಲಿಂದ ಕದಲಬಾರದು.