ಸತ್ಯಾಂಶ: 100 ಕೆಜಿ ದಾಟಿದರೆ ರೈಡ್ ಇಲ್ವಾ?

‘100 ಕೆಜಿ ಮೇಲಿದ್ದರೆ ಥೀಮ್ ಪಾರ್ಕಿನ ಯಾವ ರೈಡಿಗೂ ಹತ್ತಿಸಲ್ಲ, ಟಿಕೆಟ್ ದುಡ್ಡು ದಂಡ’ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಪೂರ್ತಿ ನಿಜವಲ್ಲ.

ರೋಲರ್ ಕೋಸ್ಟರ್‌ಗಳಲ್ಲಿ ಸಾಮಾನ್ಯವಾಗಿ ನೋಡುವುದು ತೂಕವನ್ನಲ್ಲ, ಮೈಯನ್ನು ಹಿಡಿದಿಡುವ ಸರಳು ಸರಿಯಾಗಿ ಲಾಕ್ ಆಗುತ್ತದಾ ಎಂಬುದನ್ನು. ಹಾಗಾಗಿ ಒಂದೇ ತೂಕದ ಇಬ್ಬರಲ್ಲಿ ಒಬ್ಬರು ಆರಾಮಾಗಿ ಕೂರಬಹುದು, ಇನ್ನೊಬ್ಬರಿಗೆ ಆಗದೇ ಇರಬಹುದು. ಭುಜದ ಮೇಲಿಂದ ಇಳಿಯುವ ಸರಳಿಗೆ ಎದೆ, ಹೊಟ್ಟೆಯ ಸುತ್ತಳತೆ ಮುಖ್ಯ. ತೊಡೆ ಮೇಲೆ ಕೂರುವ ಸರಳಿಗೆ ಹೊಟ್ಟೆ, ತೊಡೆ. ಅದಕ್ಕೇ ಜಿಮ್‌ನಲ್ಲಿ ಎದೆ ಬೆಳೆಸಿದವರೂ ಕೆಲವೊಮ್ಮೆ ವಾಪಸ್ ಬರುತ್ತಾರೆ!

ಅಮೆರಿಕದ ಒರ್ಲಾಂಡೊದ ಯೂನಿವರ್ಸಲ್ ಪಾರ್ಕಿನಲ್ಲಿ ಕೆಲವು ದೊಡ್ಡ ರೈಡ್‌ಗಳ ಹೊರಗೇ ಪರೀಕ್ಷೆಯ ಸೀಟು ಇಟ್ಟಿದ್ದಾರೆ. ಕ್ಯೂನಲ್ಲಿ ಗಂಟೆಗಟ್ಟಲೆ ನಿಲ್ಲುವ ಮೊದಲೇ ಕೂತು ನೋಡಬಹುದು. ಅಲ್ಲಿನ ಹಲ್ಕ್ ಕೋಸ್ಟರ್‌ನಲ್ಲಿ ದಪ್ಪ ಮೈಯವರಿಗೆಂದೇ ಕೆಲವು ಬೇರೆ ಸೀಟುಗಳಿವೆ. ಸಿಬ್ಬಂದಿಯನ್ನು ಕೇಳಿದರೆ ಅಲ್ಲಿಗೇ ಕಳಿಸುತ್ತಾರೆ, ಸಂಕೋಚ ಬೇಡ.

ಫಾರ್ವರ್ಡಿನಲ್ಲಿ ಅಲ್ಪಸ್ವಲ್ಪ ನಿಜವಿರುವುದು ನೀರಿನ ಜಾರುಬಂಡೆಗಳ ವಿಷಯದಲ್ಲಿ. ಟ್ಯೂಬು, ರಾಫ್ಟಿನ ಮೇಲೆ ಜಾರುವಾಗ ತೂಕದಿಂದ ವೇಗ ಬದಲಾಗುತ್ತದೆ. ಅದಕ್ಕೆ ಹಲವು ಕಡೆ ತೂಕದ ಮಿತಿ ಇದ್ದೇ ಇರುತ್ತದೆ. ಅದು ಎಲ್ಲ ಕಡೆ 100 ಅಲ್ಲ. ಪ್ರತಿ ಜಾರುಬಂಡೆಯ ಬೋರ್ಡಿನಲ್ಲಿ ಬರೆದಿರುತ್ತದೆ.