ಆಂಡ್ರೊಮಿಡಾಳ ಬೆನ್ನನ್ನು ಕೆತ್ತಿದ ಕೈಗಳು

2017ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಒಂದು ಹರಾಜು ನಡೆಯಿತು. ಹರಾಜಾಗಿದ್ದು ಫ್ರೆಂಚ್ ಶಿಲ್ಪಿ ಆಗಸ್ಟ್ ರೋಡಿನ್ ಮಾಡಿದ್ದು ಅಂತ ಹೆಸರಾದ ಪುಟ್ಟ ಅಮೃತಶಿಲೆಯ ಶಿಲ್ಪ, ಎತ್ತರ ಸುಮಾರು ಒಂದಡಿ. 8ರಿಂದ 12 ಲಕ್ಷ ಯೂರೊ ಬರಬಹುದು ಅಂತ ಅಂದಾಜಿತ್ತು. ಹೋಗಿದ್ದು 36 ಲಕ್ಷ ಯೂರೊಗೂ ಮೇಲೆ. ಸುದ್ದಿಯಲ್ಲೆಲ್ಲ ಬೆಲೆಯದೇ ಮಾತು. ನನಗೆ ಹೇಳಬೇಕಿರೋದು ಬೇರೆ.

ಶಿಲ್ಪ ಆಂಡ್ರೊಮಿಡಾಳದು. ಗ್ರೀಕ್ ಕಥೆಯಲ್ಲಿ ಅವಳು ಇಥಿಯೋಪಿಯದ ರಾಜಕುಮಾರಿ. ಸೌಂದರ್ಯದ ಬಗ್ಗೆ ಜಂಬ ಕೊಚ್ಚಿಕೊಂಡವಳು ತಾಯಿ, ಶಿಕ್ಷೆ ಮಾತ್ರ ಮಗಳಿಗೆ. ಸಮುದ್ರದ ದೈತ್ಯನಿಗೆ ಆಹಾರವಾಗಲಿ ಅಂತ ಅವಳನ್ನು ಬಂಡೆಗೆ ಕಟ್ಟುತ್ತಾರೆ. ಕೊನೆಗೆ ಪರ್ಸಿಯಸ್ ಬಂದು ಬಿಡಿಸುತ್ತಾನೆ. ಸಾಮಾನ್ಯವಾಗಿ ಚಿತ್ರಕಾರರು ಆ ವೀರನನ್ನು, ಆ ದೈತ್ಯನನ್ನು ಬಿಡದೆ ತೋರಿಸುತ್ತಾರೆ. ರೋಡಿನ್ ಇಬ್ಬರನ್ನೂ ತೆಗೆದುಹಾಕಿದ. ಇಲ್ಲಿರೋದು ಒರಟು ಬಂಡೆ, ಅದರ ಮೇಲೆ ಮುದುಡಿಕೊಂಡು ಬಿದ್ದ ಹೆಣ್ಣು. ಮುಖ ಸರಿಯಾಗಿ ಕಾಣೋದಿಲ್ಲ. ಕೂದಲು ಮುಂದಕ್ಕೆ ಚೆಲ್ಲಿದೆ. ನಮ್ಮ ಕಣ್ಣಿಗೆ ಬೀಳೋದು ಬೆನ್ನು. ಫೋಟೊದಲ್ಲಿ ನೋಡಿದರೂ ಆ ಬೆನ್ನಲ್ಲಿ ಉಸಿರಿದೆ ಅನ್ನಿಸುತ್ತದೆ. ರೋಮನ್ ಕವಿ ಓವಿಡ್ ಹೇಳುವ ಕಥೆಯಲ್ಲಿ ಪರ್ಸಿಯಸ್‌ಗೆ ಅವಳು ಮೊದಲು ಕಂಡಾಗ ಗಾಳಿಗೆ ಕೂದಲು ಅಲುಗುತ್ತಿತ್ತು, ಕಣ್ಣಲ್ಲಿ ನೀರಿತ್ತು. ಇಲ್ಲದಿದ್ದರೆ ಅಮೃತಶಿಲೆಯ ಬೊಂಬೆ ಅಂದುಕೊಳ್ಳುತ್ತಿದ್ದನಂತೆ!

ಈ ಶಿಲ್ಪ 130 ವರ್ಷ ಒಂದೇ ಮನೆತನದಲ್ಲಿತ್ತು. ಚಿಲಿ ದೇಶದ ರಾಜತಾಂತ್ರಿಕ ಕಾರ್ಲೋಸ್ ಮೊರ್ಲಾ ವಿಕುನ್ಯಾ ಅವರ ಮನೆತನ. ಅವರ ಹೆಂಡತಿಯ ಅಮೃತಶಿಲೆಯ ಅರ್ಧಪ್ರತಿಮೆಯನ್ನು ರೋಡಿನ್ ಮಾಡಿದ್ದ. ಅದನ್ನು ಫ್ರೆಂಚ್ ಸರ್ಕಾರ ಕೊಂಡಿತು. ಆಂಡ್ರೊಮಿಡಾ ಇವರ ಮನೆಗೆ ಹೋದಳು.

ಈಗ ವಿಷಯಕ್ಕೆ ಬರ್ತೀನಿ. ರೋಡಿನ್ ಮುಖ್ಯವಾಗಿ ಜೇಡಿಮಣ್ಣಿನಲ್ಲಿ ಕೆಲಸ ಮಾಡುತ್ತಿದ್ದವನು. ಅದರಿಂದ ಪ್ಲಾಸ್ಟರ್ ಅಚ್ಚು ಆಗುತ್ತಿತ್ತು. ಕಲ್ಲು ಕಡೆಯುವ ಕೆಲಸ ಹೆಚ್ಚಾಗಿ ಅವನ ಕಾರ್ಯಾಗಾರದ ಶಿಲ್ಪಿಗಳದು. ಪ್ಲಾಸ್ಟರ್ ಮೇಲೆ ಗುರುತು ಹಾಕಿ, ಸೂಜಿಯಿದ್ದ ಚೌಕಟ್ಟಿನಿಂದ ಒಂದೊಂದು ಜಾಗದ ಆಳ ಅಳೆದು, ಅಷ್ಟೇ ಆಳಕ್ಕೆ ಕಲ್ಲಿನಲ್ಲಿ ಇಳಿಯಬೇಕು. ಮಣ್ಣಾದರೆ ಮತ್ತೆ ಮೆತ್ತಬಹುದು. ಕಲ್ಲಿನಲ್ಲಿ ಒಂದು ಏಟು ಜಾಸ್ತಿ ಬಿದ್ದರೆ ಮುಗೀತು. ಅಳತೆ ಮುಗಿದ ಮೇಲೆ ಚರ್ಮದ ಆ ಮೃದುತ್ವ ತರೋದು ಪೂರ್ತಿ ಕೈಚಳಕ. ರೋಡಿನ್‌ನ ಪ್ರಸಿದ್ಧ ‘ಡನೇಯ್ಡ್’ ಶಿಲ್ಪ ಇದೆಯಲ್ಲ, ಹೀಗೇ ಬೆನ್ನು ತೋರಿಸಿ ಕುಸಿದವಳು, ಅದನ್ನು ಕಲ್ಲಿಗೆ ಇಳಿಸಿದ್ದು ಜಾನ್ ಎಸ್ಕುಲಾ. ಅವನೂ ಶಿಲ್ಪಿಯೇ. ಎಷ್ಟು ಜನಕ್ಕೆ ಆ ಹೆಸರು ಗೊತ್ತು?

ಇದರಿಂದ ರೋಡಿನ್ ಸಣ್ಣವನಾಗೋದಿಲ್ಲ. ಕಲ್ಪನೆ ಅವನದು. ಎಲ್ಲಿ ನಯ ಮಾಡಬೇಕು, ಎಲ್ಲಿ ಕಲ್ಲನ್ನು ಒರಟಾಗಿ ಬಿಡಬೇಕು ಅನ್ನೋದೂ ಅವನ ತೀರ್ಮಾನವೇ. ಆ ಕಾಲದ ಪದ್ಧತಿಯೇ ಹಾಗಿತ್ತು, ಅವನೊಬ್ಬನದಲ್ಲ. ಅದೇ ಕಾಲದ ಶಿಲ್ಪಿ ಕಮಿಲ್ ಕ್ಲೊಡೆಲ್ ತಾನೇ ಕಲ್ಲು ಕಡೆಯಬಲ್ಲವಳು. ಅವಳ ದೊಡ್ಡ ಪರ್ಸಿಯಸ್ ಶಿಲ್ಪವನ್ನೂ ಅಮೃತಶಿಲೆಗೆ ಇಳಿಸಿದ್ದು ಫ್ರಾನ್ಸ್ವಾ ಪೊಂಪೊನ್. ಇದೇ ಪೊಂಪೊನ್ ರೋಡಿನ್ ಬಳಿಯೂ ವರ್ಷಗಟ್ಟಲೆ ದುಡಿದ. 1922ರಲ್ಲಿ ಅವನದೇ ಹಿಮಕರಡಿಯ ಶಿಲ್ಪ ಪ್ರದರ್ಶನಕ್ಕೆ ಬಂದ ಮೇಲೆ ಪ್ಯಾರಿಸ್ ಅವನನ್ನು ಗುರುತಿಸಿತು. ಆಗ ಅವನಿಗೆ 67 ವರ್ಷ. ಅಷ್ಟು ಹೊತ್ತಿಗೆ ಜೀವನದ ಬಹುಪಾಲು ಬೇರೆಯವರ ಹೆಸರಿನ ಕಲ್ಲುಗಳಲ್ಲೇ ಕಳೆದಿತ್ತು.

ಹರಾಜಿನ ಕ್ಯಾಟಲಾಗ್‌ಗಳು ಒಂದು ಶಿಲ್ಪ ಯಾರ ಮನೆಯಿಂದ ಯಾರ ಮನೆಗೆ ಹೋಯಿತು ಅಂತ ತಲೆಮಾರುಗಟ್ಟಲೆ ಹುಡುಕಿ ಬರೆಯುತ್ತವೆ. ಅಷ್ಟೇ ಶ್ರದ್ಧೆಯಿಂದ ಕಲ್ಲು ಕಡೆದವನನ್ನೂ ಹುಡುಕಲಿ. ಸಿಕ್ಕ ಹೆಸರನ್ನು ರೋಡಿನ್ ಹೆಸರಿನ ಕೆಳಗೇ ಹಾಕಲಿ, ಎಲ್ಲೋ ಒಳಪುಟದಲ್ಲಿ ಅಲ್ಲ. ಮ್ಯೂಸಿಯಂಗಳೂ ಹಾಗೇ ಮಾಡಲಿ.

ಪ್ಯಾರಿಸ್‌ಗೆ ಹೋಗುವವರು ಒರ್ಸೇ ಮ್ಯೂಸಿಯಂಗೆ ಹೋದರೆ ಶ್ರೀಮತಿ ವಿಕುನ್ಯಾ ಅವರ ಪ್ರತಿಮೆಯ ಬಗ್ಗೆ ಕೇಳಿ. ಪೊಂಪೊನ್‌ನ ಹಿಮಕರಡಿಯೂ ಅದೇ ಮ್ಯೂಸಿಯಂನದು. ಅದರ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ.