ಬರ್ಕೊಂಡು ಹೋದದ್ದು ಎಂತ ಆಯ್ತು ಮಾಷ್ಟ್ರೇ?

ಈಗಷ್ಟೇ ಮನೆಗೆ ಬಂದೆ. ಚಪ್ಪಲಿಯ ಕೆಂಪು ಮಣ್ಣೂ ಕೊಡವಿಲ್ಲ, ಸಿಟ್ಟೂ ಇಳಿದಿಲ್ಲ.

ಬ್ಯಾನರ್ ಹಿಡ್ಕೊಂಡು ನಾವು ಹನ್ನೊಂದು ಮಂದಿ ಅಧ್ಯಾಪಕರು ಮಂಜೇಶ್ವರ ಕಡೆಯ ಒಂದು ಕಾಲನಿಗೆ ಸರ್ವೆಗೆ ಹೋಗಿದ್ದೆವು. ನಾಲ್ಕು ಪುಟದ ಪ್ರಶ್ನಾವಳಿ. ಸಾಲ ಎಷ್ಟು, ಶೌಚಾಲಯ ಉಂಟಾ, ಗಂಡ ಕುಡಿಯುತ್ತಾನಾ. ಜಗಲಿಯಲ್ಲಿ ತಡ್ಪೆ (ಮೊರ) ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದ ಒಬ್ಬರು ಅಕ್ಕ ಕೈ ನಿಲ್ಲಿಸದೆ ಎಲ್ಲದಕ್ಕೂ ಉತ್ತರ ಕೊಟ್ಟರು. ಕಡೆಗೆ ಕೇಳಿದರು: "ಹೋದ ವರ್ಷವೂ ಬರ್ಕೊಂಡು ಹೋಗಿದ್ರಲ್ಲ ಮಾಷ್ಟ್ರೇ, ಅದು ಎಂತ ಆಯ್ತು?"

ಎಂತ ಆಗ್ಲಿಕ್ಕೆ? ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನವರಿಗೆ ತೋರಿಸುವ ಫೈಲಿಗೆ ಹೋಯ್ತು. ಫೋಟೋ ಸಮೇತ.

ನನ್ನ ಅಮ್ಮ ಬೀಡಿ ಕಟ್ಟಿಯೇ ನನ್ನನ್ನು ಓದಿಸಿದ್ದು, ನಿಮಗೆಲ್ಲ ಗೊತ್ತು. ಕಟ್ಟಿದ ಬೀಡಿ ತಕ್ಕೊಳ್ಳುವ ಬ್ರಾಂಚಿನವ ಒಂದು ಕಟ್ಟು ಬದಿಗೆಸೆದರೆ ಅಮ್ಮ ಬಿಡುತ್ತಿರಲಿಲ್ಲ, ಯಾಕೆಂದು ಅಲ್ಲೇ ತೋರಿಸಬೇಕು. ನೂಲು ಸಡಿಲವಾ, ಎಲೆ ತೂತಾ? ಉತ್ತರಪತ್ರಿಕೆಯಲ್ಲಿ ಹನ್ನೆರಡು ಅಂಕ ಎಲ್ಲಿ ಹೋಯಿತೆಂದು ನಾವು ಯಾವ ಮಕ್ಕಳಿಗೆ ತೋರಿಸಿದ್ದೇವೆ?

ಕಣ್ಣೂರು ಕಡೆಯ ಬೀಡಿ ಕಂಪನಿಗಳಲ್ಲಿ ಹಿಂದೆ ಒಬ್ಬ ಪೇಪರ್ ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಕಟ್ಟುತ್ತಾ ಕೇಳುತ್ತಿದ್ದರು. ಓದುವವನ ಕೂಲಿ ತಪ್ಪಬಾರದೆಂದು ಎಲ್ಲರೂ ತಾವು ಕಟ್ಟಿದ್ದರಲ್ಲಿ ಒಂದಿಷ್ಟು ಅವನ ಪಾಲಿಗೆ ಹಾಕುತ್ತಿದ್ದರು. ಓದಿದ ಮೇಲೆ ಜೋರು ವಾದ. 1966ರ ಬೀಡಿ ಕಾರ್ಮಿಕರ ಕಾನೂನು ಜಾರಿಗೆ ಬರುವಾಗ ಖಾಸಗಿ ಮಾಲೀಕರು ಬಾಗಿಲು ಹಾಕಿದರಲ್ಲ, ಆಗ, 1969ರಲ್ಲಿ, ದಿನೇಶ್ ಬೀಡಿ ಸಹಕಾರಿ ಕಟ್ಟಿಕೊಂಡದ್ದು ಹೀಗೆ ಕೇಳಿ, ವಾದಿಸಿ ಪಳಗಿದ ಜನವೇ. ನನ್ನ ಕ್ಲಾಸಿಗೆ ಹಾಜರಿಯ ಬೆದರಿಕೆ ಇಲ್ಲದಿದ್ದರೆ ಯಾರು ಬರುತ್ತಾರೆ? ಅದೂ ತಮ್ಮ ಕೂಲಿ ಕೊಟ್ಟು?

ವಾಪಸು ಬರುವಾಗ ಜೀಪಿನಲ್ಲಿ ಇದನ್ನೆಲ್ಲ ಹೇಳಿದೆ. ಒಬ್ಬರು ಮೆಲ್ಲಗೆ, "ಬಡತನವನ್ನು ವೈಭವೀಕರಿಸಬಾರದು ಸರ್" ಅಂದರು. ಸರಿ ಸ್ವಾಮಿ. ಹೊಗೆಸೊಪ್ಪಿನ ಧೂಳಿಗೆ ಅಮ್ಮ ರಾತ್ರಿಯಿಡೀ ಕೆಮ್ಮುವುದನ್ನು ಕೇಳಿ ಬೆಳೆದವನಿಗೆ ಈ ಪಾಠ! ಲೆಕ್ಕ ಕೇಳಿದ್ದು ಆ ಅಕ್ಕ, ಬಾಯಿ ಕಟ್ಟಿದ್ದು ನಮಗೆ. ನಾನು ಹೇಳುವುದು ಅಷ್ಟೇ.

ಇನ್ನೊಂದು ಹೇಳಿಬಿಡ್ತೇನೆ. ನನ್ನ ಎಂಫಿಲ್ ಪ್ರಬಂಧಕ್ಕೆ ಬೀಡಿ ಕಟ್ಟುವ ನಲ್ವತ್ತು ಹೆಂಗಸರನ್ನು ಮಾತಾಡಿಸಿದ್ದೆ. ಒಬ್ಬರಿಗೂ ಒಂದು ಪುಟ ಓದಿ ಹೇಳಿಲ್ಲ. ಅಮ್ಮನಿಗೂ ಇಲ್ಲ. ಇಂಗ್ಲಿಷಿನಲ್ಲಿತ್ತು ಎಂಬುದು ನೆವ.

ಕಪಾಟಿನಿಂದ ಅದನ್ನು ಕೆಳಗಿಳಿಸಿದ್ದೇನೆ. ಭಾನುವಾರ ಆ ಜಗಲಿಗೆ ಹೋಗಿ ತುಳುವಿನಲ್ಲಿ ಓದಿ ಹೇಳಬೇಕು. ಎಲೆ ತೂಕದ ಲೆಕ್ಕ ಎರಡನೇ ಅಧ್ಯಾಯದಲ್ಲೇ ತಪ್ಪಿದೆ, ಈಗ ನೋಡಿದೆ.